ಬಾಯಲ್ಲಿ ಕುಡಿದರೆ ಏನಾಗುತ್ತದೆ?

ಅಟ್-ಬಾಶಿ,
ಸೆಪ್ಟೆಂಬರ್ ೧೯

ಮಗಳು ಕನಿಶಾಯ್‌ಗೆ,

ನಿನ್ನಪ್ಪ ಜುಮಾಕದಿರ್ ಬರೆಯುವುದು. ಕಾಗದ ಬರೆಯುವುದೆಂದರೆ ನನಗೆ ಕುರಿಯ ಕೊಳೆತ ಗೊರಸು ಕೆರೆಯುವುದಕ್ಕಿಂತ ಹೇಸಿಗೆಯ ಕೆಲಸ. ಗೊರಸಾದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಕುರಿ ಎದ್ದು ಓಡುತ್ತದೆ. ಇಲ್ಲಿ ಬೆಳಗಿನ ಚಹಾ ಕುಡಿದು ಕೂತವನು ಇನ್ನೂ ಮೊದಲ ಹಾಳೆಯಲ್ಲೇ ಒದ್ದಾಡುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿಯ ಹಿಂದೆ ಹೋದವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದವಳು ನೀನು. ಫೋನ್ ಮಾಡಿದರೆ "ಅಪ್ಪಾ, ಕ್ಲಾಸಿದೆ." ಮತ್ತೆ ಮಾಡಿದರೆ "ಅಪ್ಪಾ, ಮೀಟಿಂಗಿದೆ." ಮೂರನೆಯ ಸಲ ನಾನು ಬೈದೆ, ನೀನು ಇಟ್ಟೆ. ಆಮೇಲೆ ನನ್ನ ನಂಬರಿನಿಂದ ಗಂಟೆಯೇ ಹೋಗುತ್ತಿಲ್ಲ. ಪಕ್ಕದ ಮನೆಯ ಬೆಗಿಮಾಯ್ ನನ್ನ ಫೋನು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಾ, ನಿಮ್ಮನ್ನ ಬ್ಲಾಕ್ ಮಾಡಿದಾರೆ" ಎಂದು ಮೆಲ್ಲಗೆ ಹೇಳಿ ಒಳಗೆ ಓಡಿದಳು. ಹೆತ್ತ ಅಪ್ಪನಿಗೆ ಬಾಗಿಲು ಹಾಕುವ ಸಾಮಾನೂ ಬಂದಿದೆ ಎಂದು ಹಾಗೆ ತಿಳಿಯಿತು.

ಬೆಗಿಮಾಯ್ ನಿನ್ನ ಕಾಲೇಜಿನಲ್ಲೇ, ನಿನ್ನ ಕೈಕೆಳಗೇ ಓದುವ ಹುಡುಗಿ. ಶನಿವಾರದ ಬಾಡಿಗೆ ಕಾರಿನಲ್ಲಿ ಬಿಶ್ಕೆಕ್‌ಗೆ ವಾಪಸು ಹೊರಡುತ್ತಾಳೆ. ನಾನು ಹೇಳಿದ್ದನ್ನು ಬಾಯಲ್ಲೇ ಮುಟ್ಟಿಸು ಎಂದೆ.

"ಅಯ್ಯೋ ಅಜ್ಜಾ, ನನ್ನ ಕೈಲಾಗಲ್ಲ! ಅವ್ರು ನಮ್ಮ ಮೇಡಮ್ಮು. ನಂದು ಮರುಪರೀಕ್ಷೆ ಬಾಕಿ ಇದೆ. ನೀವೇ ಬರೆದು ಅಂಟಿಸಿ ಕೊಡಿ, ಕೈಗೆ ಕೊಟ್ಟು ಹಿಂದೆ ನೋಡ್ದೆ ಓಡ್ತೀನಿ" ಎಂದಳು.

"ಹಾಗಾದ್ರೆ ನಾನು ಮಾತಾಡ್ತೀನಿ, ಅದನ್ನ ಫೋನಿಗೆ ತುಂಬ್ಸಿ ಕಳ್ಸು" ಎಂದೆ.

"ನಿಮ್ಮ ಬಾಯಿಂದ ಬರೋದನ್ನ ನನ್ನ ಫೋನಿಗೆ ತುಂಬ್ಸೋದಾ? ನಮ್ಮಮ್ಮ ನನ್ನ ಮನೆಯಿಂದ ಆಚೆ ಹಾಕ್ತಾಳೆ."

ಆದ್ದರಿಂದ ಬರೆಯುತ್ತಿದ್ದೇನೆ. ಇನ್ನೊಬ್ಬರ ಕೈಲಿ ಬರೆಸುವ ವಿಷಯವೂ ಇದಲ್ಲ. ತಡವಾಯಿತು ಎಂದು ಕ್ಷಮೆ ಕೇಳುವುದು ಕಾಗದದ ಪದ್ಧತಿಯಂತೆ. ಆಗಸ್ಟಿನಲ್ಲೇ ಬರೆಯಬೇಕಿತ್ತು. ಹುಲ್ಲು ಕೊಯ್ಯುವುದಿತ್ತು, ಮೇಲಿನ ಹುಲ್ಲುಗಾವಲಿನಿಂದ ಕುರಿ ಇಳಿಸುವುದಿತ್ತು, ನಡುವೆ ನಿನ್ನ ಚಿಕ್ಕಮ್ಮ ಅಸಿಲ್‌ಕಾನ್‌ಳ ಕಾಲು. ಅದರ ವಿಷಯಕ್ಕೆ ಬರುತ್ತೇನೆ.

ಮೊದಲು ಮನೆಯ ಸುದ್ದಿ. ಕುರಿಗಳು ಚೆನ್ನಾಗಿವೆ. ಬೂದು ಕುದುರೆ ಹೆಣ್ಣು ಮರಿ ಹಾಕಿದೆ, ಹಣೆಯ ಮೇಲೆ ಬಿಳಿ ಬೊಟ್ಟು. ಹುಲ್ಲು ಈ ವರ್ಷ ಉದ್ದ ಬಂದಿತು, ಬಣವೆ ಕೊಟ್ಟಿಗೆಯ ಸೂರು ಮುಟ್ಟಿದೆ. ನಿನ್ನ ತಾಯಿ ನಿನಗೆ ಉಣ್ಣೆಯ ಕಾಲುಚೀಲ ಹೆಣೆದು ಬೆಗಿಮಾಯ್ ಕೈಲಿ ಕೊಟ್ಟಿದ್ದಾಳೆ. ಹಾಕಿಕೊಳ್ಳುವಾಗ ನಗಬೇಡ. ಒಂದು ದೊಡ್ಡದು, ಒಂದು ಚಿಕ್ಕದು. ಅವಳಿಗೆ ಈಗ ಹೆಣಿಗೆಯ ಮನೆಗಳು ಕಾಣುವುದಿಲ್ಲ, ಬೆರಳಿನಲ್ಲಿ ತಡವಿ ತಡವಿ ಎಣಿಸುತ್ತಾಳೆ. ಹೋದ ವರ್ಷ ಇದೇ ಹೆಂಗಸು ಸಂಜೆಗತ್ತಲಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಈಗ ಕೆಟಲು ಕೆಟಲು ಚಹಾ ಕುಡಿಯುತ್ತಾಳೆ, ಬಾಯಾರಿಕೆ ಹೋಗುವುದಿಲ್ಲ. ಲಂಗ ಸೊಂಟದಿಂದ ಜಾರುತ್ತದೆಂದು ಪಿನ್ನು ಹಾಕಿಕೊಂಡಿದ್ದಾಳೆ. ಕೇಳಿದರೆ, "ತೆಳ್ಳಗಾಗಿದೀನಿ, ನೋಡು, ನಿನ್ನ ಮಗಳ ಔಷಧಿ ಹಿಡೀತು" ಎನ್ನುತ್ತಾಳೆ.

ನಿನ್ನ ಔಷಧಿ. ಆ ಶಬ್ದ ಬರೆಯುವಾಗಲೇ ನನಗೆ ಬಾಯಿ ಮುಕ್ಕಳಿಸಿ ಉಗಿಯಬೇಕೆನಿಸುತ್ತದೆ.

ಅದು ನಮ್ಮ ಮನೆಗೆ ಬಂದ ಬಗೆ ನಿನಗೆ ಗೊತ್ತಿರಲಾರದು. ನೀನು ಕಳಿಸಿದ್ದಲ್ಲ. ಏಪ್ರಿಲಿನಲ್ಲಿ ನಿನ್ನ ತಾಯಿ ಭಾನುವಾರದ ಸಂತೆಗೆ ಹೋಗಿದ್ದಳು. ಸಾಬೂನು, ಶಾಂಪೂ ಮಾರುವವಳ ಅಂಗಡಿಯಲ್ಲಿ ಸಾಲಾಗಿ ಡಬ್ಬಿ ಜೋಡಿಸಿತ್ತಂತೆ, ಒಂದೊಂದರ ಮೇಲೂ ನಿನ್ನ ಮುಖ. ಬಿಳಿ ಕೋಟು, ನಿನ್ನ ಅಜ್ಜಿಯ ಬೆಳ್ಳಿಯ ಓಲೆ, ಕೈಯಲ್ಲಿ ಗಾಜಿನ ನಳಿಕೆ. ಕೆಳಗೆ ದಪ್ಪ ಅಕ್ಷರದಲ್ಲಿ: ಪೆಪ್ಟೈಡ್ ಹನಿಗಳು. ಸಕ್ಕರೆ ಕಾಯಿಲೆಯವರೇ, ಸೂಜಿ ಬಿಡಿ, ದಿನಕ್ಕೆ ಹತ್ತು ಹನಿ ಕುಡಿಯಿರಿ. ಅದರ ಕೆಳಗೆ ನಿನ್ನ ಹೆಸರು, ಹೆಸರಿನ ಹಿಂದೆ ನಾನು ಓದಲಾರದಷ್ಟು ಪದವಿಗಳು. ನಿನ್ನ ತಾಯಿ ಸಂತೆಯ ನಡುವೆ ನಿಂತು ಅತ್ತಳಂತೆ. ಮಾರುವವಳು, "ಯಾಕಮ್ಮಾ ಅಳ್ತೀರಾ?" ಎಂದು ಕೇಳಿದ್ದಕ್ಕೆ, "ನಾನು ಹೆತ್ತಿದ್ದು ಇವಳನ್ನ" ಎಂದಳಂತೆ. ಕುರಿಗೆ ಉಪ್ಪು ತರಲು ಹೋದವಳು ಉಪ್ಪು ಬಿಟ್ಟು ನಿನ್ನ ಮುಖ ಇರುವ ಡಬ್ಬಿಗಳನ್ನು ಚೀಲದ ತುಂಬ ತುಂಬಿಕೊಂಡು ಬಂದಳು.

ಮೇ ತಿಂಗಳಲ್ಲಿ ಶೆರಿನೆಗೆ ನಮ್ಮ ಮನೆಯ ಸರದಿ. ನಿನ್ನ ತಾಯಿಯ ವಾರಿಗೆಯ ಹೆಂಗಸರು ತಿಂಗಳಿಗೊಂದು ಮನೆಯಲ್ಲಿ ಸೇರಿ ಉಣ್ಣುವುದು ನಿನಗೆ ಗೊತ್ತಲ್ಲ. ನನ್ನನ್ನು ಎಂದಿನಂತೆ ಕೊಟ್ಟಿಗೆಗೆ ಅಟ್ಟಿದ್ದರು, ಆದರೆ ಕಿಟಕಿ ತೆರೆದಿತ್ತು. ಅವಳು ದಸ್ತರಖಾನಿನ ಮೇಲೆ, ರೊಟ್ಟಿಯ ಪಕ್ಕದಲ್ಲಿ, ಕೆನೆಯ ಬಟ್ಟಲಿಗೂ ಜಾಮಿನ ಬಟ್ಟಲಿಗೂ ನಡುವೆ ಆ ಸೀಸೆಯನ್ನು ಇಟ್ಟಳು. ಅಲ್ಲೇ ಕೆಟ್ಟಿತು. ಊಟದ ಹಾಸಿನ ಮೇಲೆ ಇಟ್ಟದ್ದನ್ನು ಬಾಯಿಗೆ ತಾಗಿಸದೆ ಏಳುವ ಹೆಂಗಸು ನಮ್ಮ ಕಣಿವೆಯಲ್ಲಿ ಹುಟ್ಟಿಲ್ಲ.

"ಬಾಯಿ ತಾಗ್ಸಿ, ಬಾಯಿ ತಾಗ್ಸಿ! ನನ್ನ ಮಗಳದ್ದು" ಎಂದು ನಿನ್ನ ತಾಯಿ ಚಮಚ ಹಿಡಿದು ಸುತ್ತು ಬಂದಳು.

"ನಿನ್ನ ಮಗಳದ್ದೊಂದೇ ಅಲ್ಲ ಕಣೆ ಬುರುಲ್ಚಾ, ನನ್ನ ಮಗಳದ್ದೂ ಹೌದು. ನಿನ್ನೆದೆ ಬತ್ತಿದಾಗ ಕುಡಿಸಿದ್ದು ಯಾರು? ನಂಗೆ ಎರಡು ಹನಿ ಜಾಸ್ತಿ ಹಾಕು" ಎಂದಳು ಅಸಿಲ್‌ಕಾನ್.

"ಸಿಹಿ ಇದೆಯಲ್ಲೇ! ಸಕ್ಕರೆ ಕಾಯಿಲೆಗೆ ಸಿಹಿ ಔಷಧೀನಾ?"

"ಓದಿದೋರ ಔಷಧಿ ಹಂಗೇ ಇರೋದು. ನೀನು ಸುಮ್ನೆ ನುಂಗು, ಬಾಯಿ ಬಿಟ್ರೆ ವಾಸ್ನೆ ಹೋಗುತ್ತೆ."

ಆಮೇಲೆ ಇರುವವರಲ್ಲಿ ಹಿರಿಯಳು ಅಂಗೈ ತೆರೆದು ಹರಸಿದಳು. ಊಟವನ್ನಲ್ಲ, ಸೀಸೆಯನ್ನು. ಇದನ್ನು ಮಾಡಿದ ಮಗಳ ಕೈ ನೋಯದಿರಲಿ, ಇದು ಹೋದ ಮನೆಯಲ್ಲಿ ಕಾಯಿಲೆ ನಿಲ್ಲದಿರಲಿ. ಎಲ್ಲರೂ ಓಮಿನ್ ಎಂದು ಮುಖ ಸವರಿಕೊಂಡರು. ನಾನು ಕೊಟ್ಟಿಗೆಯಲ್ಲಿ ಗೊಬ್ಬರ ಎತ್ತುತ್ತಾ ಇದನ್ನು ಕೇಳಿ ನಕ್ಕೆ. ನಗುವ ವಿಷಯವಾಗಿರಲಿಲ್ಲ. ಹಿರಿಯರು ಅಂಗೈ ತೆರೆದು ಹರಸಿದ ಪದಾರ್ಥದ ಮೇಲೆ ಆಮೇಲೆ ಸಂಶಯ ಪಡುವುದೆಂದರೆ ಹರಸಿದವರ ಬಾಯಿಗೆ ಮಣ್ಣು ಹಾಕಿದಂತೆ. ಮಾರನೆಯ ದಿನವೇ ನಿನ್ನ ತಾಯಿಯೂ ಅಸಿಲ್‌ಕಾನ್‌ಳೂ ಸೂಜಿ ನಿಲ್ಲಿಸಿದರು. ಆ ಗುಂಪಿನಲ್ಲಿ ಇನ್‌ಸುಲಿನ್ ಚುಚ್ಚಿಕೊಳ್ಳುತ್ತಿದ್ದವರು ಅವರಿಬ್ಬರೇ. ದೇವರು ಅಷ್ಟಾದರೂ ನೋಡಿದ.

ಊರಿನ ನರ್ಸ್ ಜಿಪಾರ್ ಬಂದು ಬಾಗಿಲಲ್ಲೇ ಕೂಗಾಡಿದಳು. "ಅಜ್ಜೀ, ಇನ್‌ಸುಲಿನ್ ಬಿಟ್ರೆ ಕಣ್ಣು ಹೋಗುತ್ತೆ, ಕಾಲು ಹೋಗುತ್ತೆ, ಆಮೇಲೆ ನೀವೇ ಹೋಗ್ತೀರಾ!"

ನಿನ್ನ ತಾಯಿ ಡಬ್ಬಿಯನ್ನು ಅವಳ ಮೂಗಿನ ಹತ್ತಿರ ಹಿಡಿದಳು. "ನೀನು ಎಲ್ಲಿ ಓದಿದ್ದು? ನರೀನ್‌ನಲ್ಲಿ. ನಿನಗೆ ಕಲಿಸಿದೋರಿಗೆ ಕಲಿಸಿದೋರಿಗೆ ಕಲಿಸೋಳು ನನ್ನ ಮಗಳು. ಒಳಗೆ ಬಾ, ಚಹಾ ಕುಡಿ, ಬುದ್ಧಿ ಹೇಳ್ಬೇಡ."

ಜಿಪಾರ್ ಒಳಗೆ ಬಂದು ಚಹಾ ಕುಡಿದಳು. ಅವಳ ಚಹಾಕ್ಕೂ ಎರಡು ಹನಿ ಬಿತ್ತು.

ಇನ್ನು ಅಸಿಲ್‌ಕಾನ್‌ಳ ಕಾಲು. ಜುಲೈನಲ್ಲಿ ಹುಲ್ಲುಗಾವಲಿನಲ್ಲಿದ್ದಾಗ ಹೊಸ ರಬ್ಬರ್ ಬೂಟು ಹಿಮ್ಮಡಿ ಕಚ್ಚಿತು. ಕುರಿಬಾಲದ ಕೊಬ್ಬು ಸವರಿ ಬಟ್ಟೆ ಸುತ್ತಿದಳು. ಮೊದಲಾದರೆ ನಾಲ್ಕು ದಿನದಲ್ಲಿ ಮಾಯುತ್ತಿದ್ದ ಗಾಯ. ಈ ಸಲ ಮಾಯಲಿಲ್ಲ. ನಾನು ಎರಡು ಸಲ ಕೇಳಿದೆ, ಎರಡು ಸಲವೂ ನನ್ನನ್ನೇ ಗೇಲಿ ಮಾಡಿ ಕಳಿಸಿದಳು. ನನ್ನ ತಮ್ಮನ ಹೆಂಡತಿಯಲ್ಲವೇ, ನನ್ನ ಹೆಸರು ಬಾಯಲ್ಲಿ ಎತ್ತುವಂತಿಲ್ಲ. ಮದುವೆಯಾಗಿ ಬಂದ ವರ್ಷವೇ ನನಗೆ ಬೆಂಕಿಪೊಟ್ಟಣ ಎಂದು ಹೆಸರಿಟ್ಟವಳು. "ಬೆಂಕಿಪೊಟ್ಟಣದ ಬಾವಾ, ನನ್ನ ಕಾಲು ನೋಡೋಕೆ ಬರೋ ಮೊದ್ಲು ನಿಮ್ಮ ಮೂಗು ಒರೆಸ್ಕೊಳ್ಳಿ" ಎಂದಳು. ಆಗಸ್ಟ್ ಹತ್ತಿರ ಬಂದಾಗ ಅವಳ ಗುಡಾರದೊಳಗೆ ಕಾಲಿಟ್ಟರೆ ವಾಸನೆ. ಸತ್ತ ಕುರಿಯನ್ನು ಬಿಸಿಲಲ್ಲಿ ಬಿಟ್ಟಂಥ ವಾಸನೆ. ನಾನು ಬಟ್ಟೆ ಬಿಚ್ಚಿದೆ. ಹಿಮ್ಮಡಿ ಕಪ್ಪಾಗಿತ್ತು, ಬೆರಳುಗಳು ಕಪ್ಪಾಗಿದ್ದವು, ಬಟ್ಟೆಯ ಜತೆಗೆ ಚರ್ಮವೂ ಬಂತು. ಹೊರಗೆ ಹೋಗಿ ಕಲ್ಲು ಹಿಡಿದು ವಾಂತಿ ಮಾಡಿದೆ. ಜೀವನವೆಲ್ಲ ಕುರಿ ಕೊಯ್ದು ಕರುಳು ತೊಳೆದವನು ನಾನು.

ಕುದುರೆಯ ಮೇಲೆ ಕೂರಿಸಿ ಕೆಳಗಿಳಿಸಿದೆವು, ಅಲ್ಲಿಂದ ಕಾರಿನಲ್ಲಿ ನರೀನ್ ಆಸ್ಪತ್ರೆಗೆ. ವೈದ್ಯ ಎಳೆಯ ಹುಡುಗ. ರಕ್ತ ನೋಡಿ, "ಅಜ್ಜೀ, ಇನ್‌ಸುಲಿನ್ ಯಾವಾಗಿಂದ ನಿಲ್ಲಿಸಿದೀರಿ?" ಎಂದು ಕೇಳಿದ.

"ನಿಲ್ಸಿಲ್ಲಪ್ಪಾ. ಹಲ್ವಾ ತಿಂದೆ. ನಂಗೆ ಹಲ್ವಾ ಅಂದ್ರೆ ಪ್ರಾಣ" ಎಂದಳು ಅವಳು, ನನ್ನ ಮುಖವನ್ನೇ ದುರುಗುಟ್ಟಿ ನೋಡುತ್ತಾ.

ಮಂಡಿಯ ಕೆಳಗೆ ಕತ್ತರಿಸಿದರು. ಅವಳಿಗೆ ಪ್ರಜ್ಞೆ ಬಂದಾಗ ಪಕ್ಕದಲ್ಲಿ ನಾನೊಬ್ಬನೇ ಇದ್ದೆ. ಹೊದಿಕೆ ಎತ್ತಿ ನೋಡಿಕೊಂಡಳು. ಆಮೇಲೆ ನಕ್ಕಳು, ನಿಜವಾಗಿಯೂ ನಕ್ಕಳು. "ನಾನು ಅವಳಿಗೆ ಹಾಲು ಕೊಟ್ಟೆ. ಅವಳು ನಂಗೆ ನೀರು ಕೊಟ್ಲು" ಎಂದಳು. ನಾನು ಬಾಯಿ ತೆರೆಯುವುದರೊಳಗೆ ನನ್ನ ತೋಳು ಹಿಡಿದಳು. "ಬಾವಾ, ಇದನ್ನ ಎಲ್ಲೂ ಹೊತ್ತಿಸ್ಬೇಡಿ. ಹಾಲು ಕುಡಿಸಿದೋಳು ಮಗೂನ ದೂರಬಾರ್ದು. ಊರಿಗೆಲ್ಲ ಹಲ್ವಾ ಅಂತ್ಲೇ ಹೇಳಿ."

ಊರೆಲ್ಲ ಈಗ ಹಲ್ವಾ ಎಂದೇ ಹೇಳುತ್ತಿದೆ. ಒಬ್ಬರಿಗೂ ನಂಬಿಕೆಯಿಲ್ಲ, ಎಲ್ಲರೂ ಹೇಳುತ್ತಾರೆ. ಜಿಪಾರ್ ಕೂಡ. ಶೆರಿನೆಯ ಹೆಂಗಸರು ತಮ್ಮ ತಮ್ಮ ಮನೆಯ ಸೀಸೆಗಳನ್ನು ಮೆಲ್ಲಗೆ ಚರಂಡಿಗೆ ಸುರಿದು, ಡಬ್ಬಿಯನ್ನು ಮಾತ್ರ ನಿನ್ನ ಮುಖ ಕಾಣುವಂತೆ ಕಿಟಕಿಯಲ್ಲಿ ಇಟ್ಟುಕೊಂಡಿದ್ದಾರೆ, ನಿನ್ನ ತಾಯಿ ಬಂದರೆ ನೋಡಲಿ ಎಂದು. ನಿನ್ನೊಬ್ಬಳ ಮಾನಕ್ಕೆ ಇಡೀ ಊರು ಸುಳ್ಳು ಹೇಳುವುದನ್ನು ಕಲಿತಿದೆ. ನನಗೆ ಎದುರು ಸಿಕ್ಕವರಿಗೆಲ್ಲ ಸಲಾಮು ಮಾಡಲೂ ಹೇಸಿಗೆಯಾಗುತ್ತಿದೆ.

ಆದರೂ, ಮಗಳೇ, ಆಗಸ್ಟಿನ ಕೊನೆಯವರೆಗೆ ನಾನು ನಿನ್ನನ್ನು ಕಳ್ಳಿ ಎಂದುಕೊಂಡಿರಲಿಲ್ಲ. ಮೂರ್ಖಳು ಎಂದುಕೊಂಡಿದ್ದೆ. ಓದಿದವರೂ ತಪ್ಪುತ್ತಾರೆ, ಯಾವನೋ ಕಂಪನಿಯವನು ಹೇಳಿದ, ಇವಳು ನಂಬಿದಳು, ಫೋಟೋ ಕೊಟ್ಟಳು. ಹೀಗೆಂದುಕೊಂಡು ಫೋನ್ ಮಾಡಲು ತೊಡಗಿದ್ದು. ಬೈದದ್ದೂ ಮೂರ್ಖ ಮಗಳನ್ನು ಅಪ್ಪ ಬೈಯುವ ಬೈಗುಳ.

ಒಂದು ದಿನ ಮಧ್ಯಾಹ್ನ ಬೇಲಿಯ ಹತ್ತಿರ ಕುಡುಗೋಲು ಮಸೆಯುತ್ತಿದ್ದೆ. ಬೆಗಿಮಾಯ್‌ಳ ಅಡುಗೆಮನೆಯಿಂದ ನಿನ್ನ ದನಿ ಕೇಳಿಸಿತು. ನೀನೇ. ಬಂದಿದ್ದೀಯೆ ಎಂದುಕೊಂಡೆ. ಅಪ್ಪನ ಮನೆಗೆ ಬರಲು ಮುಖವಿಲ್ಲದೆ ಪಕ್ಕದ ಮನೆಗೆ ಬಂದಿದ್ದಾಳೆ ಎಂದು ಕುಡುಗೋಲು ಅಲ್ಲೇ ಎಸೆದು ಹೋದೆ. ಬೈಯುವುದಕ್ಕೋ ತಬ್ಬಿಕೊಳ್ಳುವುದಕ್ಕೋ ನನಗೇ ಗೊತ್ತಿರಲಿಲ್ಲ. ಹೋಗಿ ನೋಡಿದರೆ ಬೆಗಿಮಾಯ್ ಒಬ್ಬಳೇ ಹಿಟ್ಟು ನಾದುತ್ತಿದ್ದಾಳೆ, ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟಿದ್ದಾಳೆ. ನಿನ್ನ ಪಾಠ. ಮರುಪರೀಕ್ಷೆಗೆ ಕೇಳಿಸಿಕೊಳ್ಳುತ್ತಿದ್ದಳು. ಬಾಗಿಲ ಹತ್ತಿರ ಕೂತೆ. ಎಷ್ಟೋ ತಿಂಗಳಿಂದ ನಿನ್ನ ದನಿಯಲ್ಲಿ ಎರಡು ಮಾತಿಗಿಂತ ಹೆಚ್ಚು ಕೇಳಿರಲಿಲ್ಲ.

ವಿದ್ಯಾರ್ಥಿಗಳು ಪ್ರಶ್ನೆ ಕೇಳುತ್ತಿದ್ದರು, ನೀನು ಉತ್ತರ ಹೇಳುತ್ತಿದ್ದೆ. ಒಬ್ಬಳು, ಪೆಪ್ಟೈಡಿಗೂ ಪ್ರೋಟೀನಿಗೂ ಏನು ವ್ಯತ್ಯಾಸ ಎಂದಳು. ಮಣಿ ಅವೇ, ಸರ ಗಿಡ್ಡವಾದರೆ ಪೆಪ್ಟೈಡ್, ಉದ್ದವಾಗಿ ಸುತ್ತಿ ಮಡಿಚಿಕೊಂಡರೆ ಪ್ರೋಟೀನ್ ಎಂದೆ. ನನಗೂ ಅರ್ಥವಾಯಿತು. ಬೇಯಿಸಿದ ಮೊಟ್ಟೆ ಮತ್ತೆ ಯಾಕೆ ಹಸಿಯಾಗುವುದಿಲ್ಲ ಎಂದು ಇನ್ನೊಬ್ಬ. ಅದಕ್ಕೂ ಚೆನ್ನಾಗಿ ಹೇಳಿದೆ. ಸುಳ್ಳೇಕೆ ಹೇಳಲಿ, ನನ್ನ ಎದೆ ಉಬ್ಬಿತು. ನೀನು ಕಲಿಸುವುದು ಹೀಗೋ ಎಂದುಕೊಂಡೆ. ಬೆಗಿಮಾಯ್ ಫೋನು ಆರಿಸಲು ಕೈ ಚಾಚಿದಳು. ಹಿಟ್ಟಿನ ಕೈ. "ಇರ್ಲಿ ಬಿಡೆ" ಎಂದೆ. ಅವಳ ಮುಖ ಯಾಕೆ ಬಿಳಿಚಿತು ಎಂದು ಆಗ ತಿಳಿಯಲಿಲ್ಲ.

ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: "ಮೇಡಂ, ಇನ್‌ಸುಲಿನ್ ಕೂಡ ಪೆಪ್ಟೈಡೇ ಅಲ್ವಾ? ನಮ್ಮಜ್ಜಿ ದಿನಾ ಚುಚ್ಕೊಂಡು ಅಳ್ತಾಳೆ. ಬಾಯಲ್ಲಿ ಕುಡಿದ್ರೆ ಏನಾಗುತ್ತೆ?"

ಎಲ್ಲರೂ ನಕ್ಕರು. ನೀನೂ ನಕ್ಕೆ.

"ಏನಾಗುತ್ತೆ? ಊಟ ಆಗುತ್ತೆ. ಅದು ಔಷಧಿ ಅಂತ ನಿನ್ನ ಹೊಟ್ಟೆಗೆ ಯಾರು ಹೇಳ್ಬೇಕು? ಕುರಿಮಾಂಸ ತಿಂದ್ರೆ ಹೇಗೆ ತುಂಡು ತುಂಡು ಮಾಡುತ್ತೋ ಇದನ್ನೂ ಹಾಗೇ ಮಾಡುತ್ತೆ. ಮಣಿ ಮಣಿ ಬಿಡಿಸಿ ಹಾಕುತ್ತೆ. ಒಳಗೆ ಹೋಗೋದು ಔಷಧಿಯಲ್ಲ, ಚೂರು. ಅಜ್ಜಿಗೆ ಹೇಳು, ಅಳ್ಕೊಂಡಾದ್ರೂ ಚುಚ್ಕೊಳ್ಲಿ."

ನಾನು ಎದ್ದು ನಿಂತೆ. ಅಷ್ಟರಲ್ಲಿ ಒಬ್ಬ ಹುಡುಗಿಯ ದನಿ, ತುಂಬ ಸಣ್ಣ ದನಿ: "ಮೇಡಂ, ಹಾಗಾದ್ರೆ ನಿಮ್ಮ ಫೋಟೋ ಇರೋ ಆ ಹನಿಗಳು...?"

ಆಗ ನೀನು ನಗಲಿಲ್ಲ. ಇಷ್ಟೇ ಹೇಳಿದೆ: "ಅದು ಪರೀಕ್ಷೆಗೆ ಬರಲ್ಲ. ಮುಂದಿನ ಪ್ರಶ್ನೆ."

ಕೇಳಿದ ಹುಡುಗಿ ಯಾರೆಂದು ನಾನು ಬೆಗಿಮಾಯ್‌ಳನ್ನು ಕೇಳಲಿಲ್ಲ. ಅವಳು ಹೇಳಲಿಲ್ಲ. ಹಿಟ್ಟಿನಲ್ಲಿ ಹುಗಿದ ಕೈಯನ್ನು ಮೇಲೆತ್ತಲೂ ಇಲ್ಲ. ಅವಳು ಫೇಲಾಗಿರುವುದು ನಿನ್ನ ಪಾಠದಲ್ಲಿ ಎಂಬುದು ಮಾತ್ರ ನನಗೆ ಗೊತ್ತು. ಅದು ನಿನ್ನ ಆತ್ಮಸಾಕ್ಷಿಗೆ ಬಿಟ್ಟದ್ದು.

ಯಾಕೆ ಮಾಡಿದೆ ಎಂದು ನಾನು ಕೇಳುವುದಿಲ್ಲ. ಕಾರಣ ಇದ್ದೇ ಇರುತ್ತದೆ. ಕುರಿಹಟ್ಟಿಗೆ ನುಗ್ಗುವ ತೋಳಕ್ಕೂ ಇರುತ್ತದೆ. ಆದರೆ ತೋಳ ಬಿಳಿ ಕೋಟು ಹಾಕಿಕೊಂಡು, ಕುರಿಯನ್ನು ಹೇಗೆ ಕಾಯಬೇಕು ಎಂದು ಪಾಠ ಹೇಳುವುದಿಲ್ಲ. ಆ ಹುಡುಗನ ಅಜ್ಜಿಗೆ ಸೂಜಿ, ನಿನ್ನ ತಾಯಿಗೆ ಸಕ್ಕರೆ ನೀರು. ಆ ಹುಡುಗ ಕಾಸು ಕೊಟ್ಟು ಓದುತ್ತಾನೆ, ಅವನಿಗೆ ನಿಜ ಸಿಕ್ಕಿತು. ನಿನ್ನ ತಾಯಿ ಪುಕ್ಕಟೆ ಹೆತ್ತಳು, ಅವಳಿಗೆ ಡಬ್ಬಿ ಸಿಕ್ಕಿತು.

ಬೆಗಿಮಾಯ್‌ಳನ್ನು ಕಾಡಿ ಬೇಡಿ ಆ ಫೋನು ತಂದು ನಿನ್ನ ತಾಯಿಯ ಮುಂದೆ ಇಟ್ಟೆ. ಅದಕ್ಕೆ ಮೊದಲು ಬಾಯಲ್ಲಿ ಹೇಳಿ ನೋಡಿದ್ದೆ. "ಅವಳು ಫ್ರಿಜ್ ತಂದು ಕೊಟ್ಟಾಗ್ಲೂ ನೀನು ಹಿಂಗೇ ಆಡಿದ್ದೆ ಮುದುಕಾ. ಮನೇಲಿ ಹೆಣ ಇಡೋ ಪೆಟ್ಟಿಗೆ ಅಂದಿದ್ದೆ. ಈಗ ಅದ್ರಲ್ಲೇ ನಿನ್ನ ಕುದುರೆ ಹಾಲಿನ ಕುಮಿಸ್ ತಣ್ಣಗೆ ಇಟ್ಕೊಂಡು ಕುಡೀತೀಯ" ಎಂದಿದ್ದಳು. ನಿಜವೇ, ಅಂದಿದ್ದೆ. ಜೀವನವೆಲ್ಲ ಎಲ್ಲದಕ್ಕೂ ಬೈದವನ ಮಾತು ಬೇಕಾದ ದಿನ ಯಾರಿಗೂ ಕೇಳಿಸುವುದಿಲ್ಲ. ಅದಕ್ಕೇ ನಿನ್ನ ಬಾಯಿಂದಲೇ ಕೇಳಲಿ ಎಂದು ಫೋನು ತಂದೆ.

ಕೇಳಿದಳು. ಹುಡುಗನ ಪ್ರಶ್ನೆ, ನಿನ್ನ ಉತ್ತರ, ಹುಡುಗಿಯ ಪ್ರಶ್ನೆ, ನಿನ್ನ ಉತ್ತರ. ತಲೆವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡಳು. ಗೆದ್ದೆ ಎಂದುಕೊಂಡೆ.

"ಇನ್ನೊಂದ್ಸಲ ಹಾಕು" ಎಂದಳು.

ಹಾಕಿದೆ.

"ಗಂಟಲು ಕಟ್ಟಿದೆ ನನ್ನ ಕೂಸಿಗೆ. ಅಲ್ಲಿ ಧೂಳು. ಕುರಿಬಾಲದ ಕೊಬ್ಬು ಕರಗಿಸಿ ಹಾಲಲ್ಲಿ ಕುಡಿ ಅಂತ ಯಾರು ಹೇಳ್ತಾರೆ ಅವಳಿಗೆ? ಎಷ್ಟು ಸ್ಪಷ್ಟವಾಗಿ ಮಾತಾಡ್ತಾಳೆ ನೋಡು. ಇನ್ನೊಂದ್ಸಲ ಹಾಕು."

ಐದಾರು ಸಲ ಹಾಕಿಸಿದಳು. ಆಮೇಲೆ ಎದ್ದು, ಅಲ್ಮೇರಾದಿಂದ ಸೀಸೆ ತೆಗೆದು, ಚಹಾಕ್ಕೆ ಹತ್ತು ಹನಿ ಬಿಟ್ಟುಕೊಂಡು ಕುಡಿದಳು. ಎರಡು ಹನಿ ಬಟ್ಟಲಿನ ಹೊರಗೆ ಬಿದ್ದವು. ಅವಳಿಗೆ ಕಾಣಲಿಲ್ಲ.

ನಾನು ಆ ದಿನ ಮನೆಯಲ್ಲಿದ್ದ ಅಷ್ಟೂ ಸೀಸೆಯನ್ನು ಕಾಲುವೆಗೆ ಸುರಿದೆ. ಭಾನುವಾರ ಬಂತು, ಸಂತೆಗೆ ಹೋಗಿ ಮತ್ತೆ ತಂದಳು. ಡಬ್ಬಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಡುತ್ತೇನೆ, ಅವಳು ಮತ್ತೆ ಈಚೆ ತಿರುಗಿಸುತ್ತಾಳೆ. ಊಟ ಮಾಡುವಾಗ ಎದುರಿಗೆ ನೀನು ನಗುತ್ತಾ ಇರುತ್ತೀಯೆ, ನನ್ನ ತಾಯಿಯ ಓಲೆ ಹಾಕಿಕೊಂಡು. ನಿನ್ನ ಮುಖ ಕಂಡರೆ ಹೇಸಿಗೆಯಾಗುತ್ತದೆಂದು ಬರೆಯಬೇಕಾಗಿ ಬಂದದ್ದಕ್ಕೂ ಹೇಸಿಗೆಯಾಗುತ್ತಿದೆ. ನೀನು ಹುಟ್ಟಿದಾಗ ಊರಿಗೆಲ್ಲ ಕುದುರೆ ಓಡಿಸಿಕೊಂಡು ಹೋಗಿ ಸುದ್ದಿ ಹೇಳಿದವನು ನಾನು.

ನರೀನ್‌ನ ಆ ಎಳೆಯ ವೈದ್ಯನನ್ನು ಕೇಳಿದೆ. ಮುದುಕಿ ಸೂಜಿ ಬಿಟ್ಟು ನಾಲ್ಕು ತಿಂಗಳಾಯಿತು, ಏನು ಗತಿ ಎಂದೆ. ಅವನು ಸುತ್ತಿ ಬಳಸಲಿಲ್ಲ. ಈಗಲೇ ಶುರು ಮಾಡಿದರೆ ಉಳಿದಿರುವ ಕಣ್ಣು ಉಳಿದೀತು. ತಡ ಮಾಡಿದರೆ ಒಂದು ದಿನ ಮಲಗಿದವಳು ಏಳುವುದಿಲ್ಲ ಎಂದ. ಇನ್‌ಸುಲಿನ್ ತಂದು ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ, ನೀನು ಕೊಟ್ಟ ಅದೇ ಫ್ರಿಜ್ಜಿನಲ್ಲಿ. ಜಿಪಾರ್ ಕರೆದಾಗ ಬರುತ್ತೇನೆ ಎಂದಿದ್ದಾಳೆ. ಎಲ್ಲವೂ ಇದೆ. ಮುದುಕಿ ತೋಳು ಕೊಡುವುದಿಲ್ಲ.

ನಿನ್ನಿಂದ ನನಗೆ ಬೇಕಾದದ್ದು ಇಷ್ಟೇ. ಬಾ. ಏನೂ ತರಬೇಡ. ಅಸಿಲ್‌ಕಾನ್‌ಳನ್ನು ಆಸ್ಪತ್ರೆಯಿಂದ ಕರೆತಂದಿದ್ದೇವೆ. ಅವಳನ್ನೂ ಶೆರಿನೆಯ ಹೆಂಗಸರನ್ನೂ ನಾನು ಕರೆಸುತ್ತೇನೆ, ಒಂದು ಕುರಿ ಕಡಿಯುತ್ತೇನೆ. ಸೀಸೆ ಇಟ್ಟ ಅದೇ ಹಾಸಿನ ಮೇಲೆ ನೀನು ಕೂತು, ಅವರೆಲ್ಲರ ಎದುರಿಗೆ, "ಇದು ಸುಳ್ಳು, ನನಗೆ ಮೊದಲೇ ಗೊತ್ತಿತ್ತು, ಸೂಜಿ ತಗೋ ಅಮ್ಮಾ" ಎನ್ನಬೇಕು. ಹಿಂದಿನ ಸಾಲಿನ ಹುಡುಗನಿಗೆ ಹೇಳಿದಷ್ಟೇ ಸ್ಪಷ್ಟವಾಗಿ. ಅಳಬೇಡ, ಕಾಲಿಗೆ ಬೀಳಬೇಡ, ನಮ್ಮಲ್ಲಿ ಯಾರಿಗೂ ಅದು ಬೇಕಾಗಿಲ್ಲ. ಡಬ್ಬಿಯ ಮೇಲಿನ ಮುಖ ತೆಗೆಸುತ್ತೀಯೋ ಬಿಡುತ್ತೀಯೋ, ಅದನ್ನು ನಿನ್ನ ಕಾಲೇಜಿನವರು ಕೇಳಲಿ, ಸರಕಾರ ಕೇಳಲಿ. ನಾನು ಕೇಳುವುದು ನಿನ್ನ ತಾಯಿಯ ತೋಳು ಮಾತ್ರ.

ಕಾಗದವನ್ನು ಹಿರಿಯನಾದವನು ಹರಸದೆ ಮುಗಿಸಬಾರದು. ನಿನ್ನನ್ನು ಹೇಗೆ ಹರಸಬೇಕೋ ನನಗೆ ತಿಳಿಯುತ್ತಿಲ್ಲ. ದಾರಿಯಲ್ಲಿ ಕಣಿವೆಯ ತಿರುವುಗಳಲ್ಲಿ ಹಿಮ ಬೀಳದಿರಲಿ. ಕಾರಿನವನು ಕುಡಿಯದಿರಲಿ. ನಿನ್ನ ಗಂಟಲು ವಾಸಿಯಾಗಲಿ. ಇಷ್ಟನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ನಿನ್ನ ಅಪ್ಪ,
ಜುಮಾಕದಿರ್

ಮರೆತ ಮಾತು: ಕಾಗದ ಅಂಟಿಸಲು ಗೋಂದು ಹುಡುಕುತ್ತಿದ್ದೆ. ನಿನ್ನ ತಾಯಿ ಒಲೆಯ ಮುಂದೆ ಕೂತಿದ್ದಳು, ನನ್ನ ಕಡೆ ತಿರುಗಲೂ ಇಲ್ಲ. "ಅವಳಿಗೆ ಬರ್ದೆಯಾ?" ಎಂದಳು. ಹೌದು ಎಂದೆ. "ನಾನು ಕಿವುಡಿಯಲ್ಲ ಮುದುಕಾ. ಆ ಹುಡುಗ ಕೇಳಿದ್ದು, ಇವಳು ಹೇಳಿದ್ದು, ಎಲ್ಲಾ ಮೊದಲ್ನೇ ಸಲಾನೇ ಕೇಳಿಸ್ತು. ಅಸಿಲ್‌ಕಾನ್ ತಿಂದಿದ್ದು ಹಲ್ವಾ ಅಲ್ಲ ಅಂತ್ಲೂ ಗೊತ್ತು. ನಾನು ಸೂಜಿ ತಗೊಂಡ ದಿನ ನನ್ನ ಮಗಳು ಸುಳ್ಳಿ ಅಂತ ನಾನೇ ಊರಿಗೆ ಡಂಗುರ ಹೊಡೆದ ಹಾಗೆ. ನಾನು ಹೊಡೆಯಲ್ಲ. ಬೇಕಾದ್ರೆ ಅವಳೇ ಬಂದು ಹೇಳ್ಲಿ. ಅಲ್ಲೀವರೆಗೂ ಕುಡೀತೀನಿ" ಎಂದಳು. ಹೇಳಿ, ನನ್ನೆದುರಿಗೇ ಸೀಸೆಯ ಮುಚ್ಚಳ ತಿರುಗಿಸಿದಳು.

ಅಕ್ಟೋಬರ್ ಐದನೆಯ ತಾರೀಖಿನೊಳಗೆ ನಿನ್ನ ಉತ್ತರ ನನಗೆ ಮುಟ್ಟಬೇಕು. ಬರುತ್ತೀಯೋ ಇಲ್ಲವೋ, ಒಂದನ್ನು ಬರೆ.